ಪ್ಲಗ್ ಕಿತ್ತರಷ್ಟೇ ಸಾಲದು

ಪೂರ್ತಿ ಕೆಟ್ಟುಹೋದ ಯಂತ್ರದ ಜೊತೆ ಮನೆಯವರಿಗೆ ತಕರಾರಿಲ್ಲ. ಅದು ರಿಪೇರಿಗೆ ಹೋಗಬೇಕು, ಇಲ್ಲವೇ ಗುಜರಿಗೆ ಹೋಗಬೇಕು, ತೀರ್ಮಾನ ಸುಲಭ. ನಿಜವಾಗಿ ಕಾಡುವುದು ಅರ್ಧ ಕೆಟ್ಟ ಯಂತ್ರ. ಬೆಳಿಗ್ಗೆ ನಡೆದು ಸಂಜೆ ಮುಷ್ಕರ ಹೂಡುವುದು, ಮೆಕ್ಯಾನಿಕ್ ಎದುರಿಗೆ ನಿಂತಾಗ ಸಾಧುವಿನಂತೆ ವರ್ತಿಸಿ ಅವನು ಗೇಟು ದಾಟಿದೊಡನೆ ಹಳೆಯ ಚಾಳಿಗೆ ಮರಳುವುದು ಇದರ ಲಕ್ಷಣ. ಇಂಥ ಯಂತ್ರ ಮನೆಮಂದಿಯ ನಡುವೆ ಜಗಳ ತಂದಿಡುತ್ತದೆ. ಅದಕ್ಕಿಂತ ಅಪಾಯದ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ‘ಏನೋ ಸಣ್ಣದೊಂದು ಸಡಿಲವಾಗಿದೆ, ಬಿಚ್ಚಿ ನೋಡಿದರಾಯಿತು’ ಎಂಬ ಆಸೆಯನ್ನು ಹುಟ್ಟಿಸುತ್ತದೆ.

ಮೈಸೂರಿನ ಕುವೆಂಪುನಗರದ ಒಬ್ಬ ಮೇಷ್ಟರ ಮನೆಯಲ್ಲಿ ಹೀಗೇ ಆಯಿತು. ಅಲ್ಲಿದ್ದ ಮೈಕ್ರೊವೇವ್ ಒಲೆಗೆ ಒಂಬತ್ತು ವರ್ಷ. ಅದರಲ್ಲಿ ಅಡುಗೆಯೇನೂ ಆಗುತ್ತಿರಲಿಲ್ಲ. ಅಜ್ಜಿಯ ರಾತ್ರಿಯ ಹಾಲು, ತಡವಾಗಿ ಊಟಕ್ಕೆ ಕೂರುವ ಮೇಷ್ಟರ ಸಾರು, ಬೆಳಗಿನ ಉಳಿದ ಪಲ್ಯ, ಇಷ್ಟನ್ನು ಬಿಸಿ ಮಾಡಿಕೊಟ್ಟರೆ ಅದರ ದಿನದ ಕೆಲಸ ಮುಗಿಯಿತು. ಒಂದು ದಿನ ಎರಡು ನಿಮಿಷ ತಿರುಗಿದ ಮೇಲೂ ಅಜ್ಜಿಯ ಹಾಲು ತಣ್ಣಗೇ ಇತ್ತು. ಮಾರನೆಯ ದಿನ ಅದೇ ಎರಡು ನಿಮಿಷಕ್ಕೆ ಹಾಲು ಉಕ್ಕಿ ಗಾಜಿನ ತಟ್ಟೆಯ ತುಂಬ ಹರಿಯಿತು. ಮೂರನೆಯ ದಿನ ಮತ್ತೆ ತಣ್ಣಗೆ. ‘ಇದಕ್ಕೂ ನನ್ನ ಹಾಗೆ ಮಂಡಿನೋವು ಕಣೋ, ಮನಸ್ಸು ಬಂದಾಗ ಮಾತ್ರ ನಡೆಯುತ್ತೆ’ ಎಂದರು ಅಜ್ಜಿ. ಮೇಷ್ಟರ ಹೆಂಡತಿಯ ಪ್ರಕಾರ ಅಜ್ಜಿ ಗುಂಡಿಯನ್ನು ತಪ್ಪು ಒತ್ತುತ್ತಿದ್ದರು. ಮೇಷ್ಟರ ಪ್ರಕಾರ ತಪ್ಪೆಲ್ಲ ಕರೆಂಟಿನದು. ಫೋನಿನಲ್ಲಿ ವಿಚಾರಿಸಿದ ರಿಪೇರಿಯವನೊಬ್ಬ ಒಲೆಯ ಮುಖವನ್ನೂ ನೋಡದೆ ‘ಮ್ಯಾಗ್ನೆಟ್ರಾನ್ ಹೋಗಿದೆ, ಹೊಸ ಓವನ್ನೇ ತಗೊಂಡುಬಿಡಿ ಸಾರ್’ ಎಂದು ತೀರ್ಪು ಕೊಟ್ಟ.

ಮೇಷ್ಟರು ಪ್ರೌಢಶಾಲೆಯಲ್ಲಿ ಪಾಠ ಹೇಳುವುದು ಕನ್ನಡವನ್ನಾದರೂ ಅವರ ಕೈ ಮಾತ್ರ ಮೆಕ್ಯಾನಿಕ್‌ನದು. ಮಿಕ್ಸಿಯ ಕಾರ್ಬನ್ ಬದಲಿಸುವುದು, ಇಸ್ತ್ರಿಪೆಟ್ಟಿಗೆಯ ವೈರು ಕಟ್ಟುವುದು, ಸೀಲಿಂಗ್ ಫ್ಯಾನಿಗೆ ಹೊಸ ಕಂಡೆನ್ಸರ್ ಹಾಕುವುದು ಎಲ್ಲವೂ ಮನೆಯಲ್ಲೇ. ಈ ಎಲ್ಲ ಕೆಲಸಕ್ಕೂ ಅವರದು ಒಂದೇ ನಿಯಮ: ಮೊದಲು ಪ್ಲಗ್ ಕೀಳು, ಆಮೇಲೆ ಕೈ ಹಾಕು. ಈ ನಿಯಮವನ್ನು ಅವರು ಮಗಳಿಗೂ ಕಲಿಸಿದ್ದರು, ಶಾಲೆಯ ಮಕ್ಕಳಿಗೂ ಹೇಳಿಕೊಟ್ಟಿದ್ದರು. ಒಳ್ಳೆಯ ನಿಯಮ. ಎಷ್ಟೋ ಮನೆಗಳಲ್ಲಿ ಎಷ್ಟೋ ಕೈಗಳನ್ನು ಅದು ಕಾಪಾಡಿದೆ.

ಆ ಭಾನುವಾರವೂ ಮೇಷ್ಟರು ನಿಯಮ ಮೀರಲಿಲ್ಲ. ಪ್ಲಗ್ ಕಿತ್ತರು. ಹಳೆಯ ಪತ್ರಿಕೆ ಹಾಸಿ ಒಲೆಯನ್ನು ಊಟದ ಮೇಜಿನ ಮೇಲಿಟ್ಟರು. ಹಿಂದುಗಡೆಯ ನಾಲ್ಕು ತಿರುಪುಗಳನ್ನು ತೆಗೆದು ಬಟ್ಟಲಿಗೆ ಹಾಕಿದರು. ಎದುರಿಗೆ ಕೂತು ಓದುತ್ತಿದ್ದ ಮಗಳು ದ್ವಿತೀಯ ಪಿಯುಸಿ. ಅವಳ ಮುಂದೆ ಭೌತವಿಜ್ಞಾನದ ಪುಸ್ತಕ, ಅದರಲ್ಲಿ ಕೆಪಾಸಿಟರ್‌ಗಳ ಅಧ್ಯಾಯ.

‘ಅಪ್ಪ, ಒಂದು ನಿಮಿಷ ನಿಲ್ಲು. ಇದರೊಳಗೆ ಕೆಪಾಸಿಟರ್ ಇದೆಯಾ?’

‘ಇರಬಹುದು. ಫ್ಯಾನಿನಲ್ಲೂ ಇರುತ್ತಲ್ಲ.’

‘ಇದರದ್ದು ಎಷ್ಟು ವೋಲ್ಟಿಂದು?’

ಮೇಷ್ಟರಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಅಭ್ಯಾಸವಿದ್ದ ಮೇಷ್ಟರಾದ್ದರಿಂದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಬಟ್ಟಲಿನ ನಾಲ್ಕೂ ತಿರುಪು ತಮ್ಮ ತಮ್ಮ ಜಾಗಕ್ಕೆ ವಾಪಸಾದವು. ಮೊದಲು ಓದಿ ನೋಡೋಣ ಎಂದು ತಂದೆ ಮಗಳು ಕೂತರು. ಓದಿದ ಮೇಲೆ ಮೇಷ್ಟರು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮೈಕ್ರೊವೇವ್ ಒಲೆ ಹುಟ್ಟಿದ್ದು ಅಡುಗೆಮನೆಯಲ್ಲಲ್ಲ, ಯುದ್ಧದಲ್ಲಿ. ಅತಿ ಕಿರಿದಾದ ವಿದ್ಯುತ್ಕಾಂತ ತರಂಗಗಳನ್ನು ಜಗದೀಶಚಂದ್ರ ಬೋಸರು 1895ರಷ್ಟು ಹಿಂದೆಯೇ ಕಲ್ಕತ್ತೆಯಲ್ಲಿ ಉಂಟುಮಾಡಿ, ಗೋಡೆಯಾಚೆಗೆ ಕಳಿಸಿ ಗಂಟೆ ಬಾರಿಸಿ ತೋರಿಸಿದ್ದರು. ಆದರೆ ಅಂಥ ತರಂಗಗಳನ್ನು ಭಾರಿ ಶಕ್ತಿಯಲ್ಲಿ ಹೊರಸೂಸುವ ಸಾಧನ ಬಂದದ್ದು 1940ರಲ್ಲಿ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಜಾನ್ ರ‍್ಯಾಂಡಲ್ ಮತ್ತು ಹ್ಯಾರಿ ಬೂಟ್ ರೂಪಿಸಿದ ಮ್ಯಾಗ್ನೆಟ್ರಾನ್ ಅದು. ಶತ್ರುವಿಮಾನ ಹುಡುಕುವ ರಾಡಾರಿಗೆ ಅದು ಜೀವ ಕೊಟ್ಟಿತು. 1945ರಲ್ಲಿ ಅಮೆರಿಕದ ರೇಥಿಯಾನ್ ಸಂಸ್ಥೆಯ ಪರ್ಸಿ ಸ್ಪೆನ್ಸರ್ ಎಂಬ ತಂತ್ರಜ್ಞ ಮ್ಯಾಗ್ನೆಟ್ರಾನಿನ ಬಳಿ ನಿಂತಿದ್ದಾಗ ಜೇಬಿನಲ್ಲಿದ್ದ ಮಿಠಾಯಿ ಕರಗಿದ್ದು ಅವನ ಗಮನಕ್ಕೆ ಬಂತು. ಶಾಲೆಯನ್ನು ಅರ್ಧಕ್ಕೇ ಬಿಟ್ಟಿದ್ದ ಸ್ಪೆನ್ಸರ್ ಅದನ್ನು ಅಲ್ಲಿಗೇ ಮರೆಯಲಿಲ್ಲ. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಒಲೆ ಆಳೆತ್ತರವಿತ್ತು, ಸುಮಾರು 340 ಕಿಲೋ ತೂಗುತ್ತಿತ್ತು. ಅಡುಗೆಕಟ್ಟೆಯ ಮೇಲೆ ಕೂರುವ ಗಾತ್ರದ ಜನಪ್ರಿಯ ಮಾದರಿ ಬಂದದ್ದು 1967ರಲ್ಲಿ. ಒಲೆ ಸಣ್ಣದಾಯಿತು, ಬಿಳಿ ಬಣ್ಣ ಬಳಿದುಕೊಂಡು ಸೌಮ್ಯವಾಯಿತು. ಒಳಗಿನ ಮ್ಯಾಗ್ನೆಟ್ರಾನ್ ಮಾತ್ರ ರಾಡಾರ್ ವಂಶದ್ದೇ.

ಮ್ಯಾಗ್ನೆಟ್ರಾನಿಗೆ ಮನೆಯ 230 ವೋಲ್ಟ್ ಸಾಲದು. ಸಾಮಾನ್ಯ ಒಲೆಯೊಳಗೆ ಇಟ್ಟಿಗೆಯಷ್ಟು ಭಾರದ ಒಂದು ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ವೋಲ್ಟೇಜನ್ನು ಎರಡು ಸಾವಿರದ ಆಸುಪಾಸಿಗೆ ಏರಿಸುತ್ತದೆ. ಒಂದು ಕೆಪಾಸಿಟರ್ ಮತ್ತು ಒಂದು ಡಯೋಡ್ ಸೇರಿ ಅದನ್ನು ಇನ್ನೂ ಮೇಲಕ್ಕೊಯ್ದು ಸುಮಾರು 4000 ವೋಲ್ಟ್ ಮಾಡುತ್ತವೆ. ಅದೇ ಟ್ರಾನ್ಸ್‌ಫಾರ್ಮರಿನ ಇನ್ನೊಂದು ಸಣ್ಣ ಸುತ್ತು ಮ್ಯಾಗ್ನೆಟ್ರಾನಿನ ಫಿಲಮೆಂಟಿಗೆ ಮೂರು ವೋಲ್ಟ್ ಚಿಲ್ಲರೆ ಕೊಡುತ್ತದೆ. ವೋಲ್ಟ್ ಕಡಿಮೆಯಾದರೂ ಅಲ್ಲಿ ಹರಿಯುವ ಕರೆಂಟು ಹತ್ತು ಆಂಪಿಯರಿನಷ್ಟು. ಫಿಲಮೆಂಟ್ ಕಾದರೆ ಎಲೆಕ್ಟ್ರಾನುಗಳು ಹೊರಡುತ್ತವೆ, 4000 ವೋಲ್ಟಿನ ಸೆಳೆತಕ್ಕೆ ಸಿಕ್ಕಿ, ಅಯಸ್ಕಾಂತದ ಪ್ರಭಾವದಲ್ಲಿ ಸುತ್ತಿ, ಸೆಕೆಂಡಿಗೆ 245 ಕೋಟಿ ಸಲ ಕಂಪಿಸುವ ತರಂಗವನ್ನು ಹೊರಡಿಸುತ್ತವೆ. ಆ ತರಂಗದ ದಿಕ್ಕು ಬದಲಾದಂತೆಲ್ಲ ಹಾಲಿನೊಳಗಿನ ನೀರಿನ ಅಣುಗಳು ಅತ್ತಿತ್ತ ಹೊರಳಾಡಿ ಒಂದಕ್ಕೊಂದು ತಾಗಿ ಹಾಲು ಕಾಯುತ್ತದೆ.

ಇನ್ನು ಕೆಪಾಸಿಟರ್. ಮಗಳು ಪುಸ್ತಕದ ಸೂತ್ರ ಹಿಡಿದು ಲೆಕ್ಕ ಹಾಕಿದಳು. ಒಂದು ಮೈಕ್ರೊಫ್ಯಾರಡ್ ಕೆಪಾಸಿಟರ್ 3000 ವೋಲ್ಟಿಗೆ ತುಂಬಿಕೊಂಡರೆ ಅದರಲ್ಲಿರುವ ಶಕ್ತಿ ನಾಲ್ಕೂವರೆ ಜೂಲ್. ಒಂದು ಕಿಲೋ ಸಕ್ಕರೆಯ ಪೊಟ್ಟಣ ಸುಮಾರು ಅರ್ಧ ಮೀಟರ್ ಎತ್ತರದಿಂದ ಬಿದ್ದಷ್ಟು.

‘ಇಷ್ಟೇನಾ?’ ಎಂದರು ಮೇಷ್ಟರು.

‘ಪೊಟ್ಟಣ ಕಾಲ ಮೇಲೆ ಬಿದ್ದರೆ ಇಷ್ಟೇ ಅಪ್ಪ. ಇದು ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಕಣ್ಣು ಮಿಟುಕಿಸುವುದರೊಳಗೆ ಹೋಗುತ್ತೆ.’

ಮೇಷ್ಟರ ನಿಯಮ ಎಡವುವುದು ಇಲ್ಲಿ. ಪ್ಲಗ್ ಕಿತ್ತೊಡನೆ ಮಿಕ್ಸಿ ಸತ್ತ ಕಬ್ಬಿಣ. ಮೈಕ್ರೊವೇವ್ ಒಲೆ ಹಾಗಲ್ಲ. ಅದರ ಕೆಪಾಸಿಟರ್ ಪ್ಲಗ್ ಕಿತ್ತ ಮೇಲೂ ತುಂಬಿಕೊಂಡೇ ಇರಬಹುದು. ಅದನ್ನು ನಿಧಾನವಾಗಿ ಖಾಲಿ ಮಾಡಲೆಂದು ಬಹಳಷ್ಟು ಕೆಪಾಸಿಟರುಗಳೊಳಗೆ ಒಂದು ರೆಸಿಸ್ಟರ್ ಇಟ್ಟಿರುತ್ತಾರೆ. ಅದು ಕೆಟ್ಟಿದ್ದರೆ ಹೊರಗಿನಿಂದ ಯಾರಿಗೂ ತಿಳಿಯದು. ಇನ್ನೊಂದು ವಿಷಯ ತಂದೆ ಮಗಳಿಬ್ಬರನ್ನೂ ಬೆಚ್ಚಿಬೀಳಿಸಿತು. ಸರಿಯಾಗಿ ನಡೆಯುವ ಒಲೆಯಲ್ಲಿ ಮ್ಯಾಗ್ನೆಟ್ರಾನ್ ಆಗಾಗಿನ ಶಕ್ತಿಯನ್ನು ಹೀರಿಕೊಳ್ಳುತ್ತಿರುತ್ತದೆ. ಮ್ಯಾಗ್ನೆಟ್ರಾನ್ ಕೆಲಸ ಮಾಡದೆ ನಿಂತಾಗ ಕೆಪಾಸಿಟರಿನ ಚಾರ್ಜಿಗೆ ಆ ದಾರಿ ಮುಚ್ಚಿರುತ್ತದೆ. ಅಂದರೆ ಬಿಸಿ ಮಾಡುವ ಒಲೆಗಿಂತ ಬಿಸಿ ಮಾಡದ ಒಲೆಯಲ್ಲೇ, ಜನ ಬಿಚ್ಚಿ ನೋಡಲು ಹೊರಡುವ ಒಲೆಯಲ್ಲೇ, ಅದು ತುಂಬಿಕೊಂಡು ಕೂತಿರುವ ಸಂಭವ ಹೆಚ್ಚು.

ಕೆಪಾಸಿಟರಿನ ಹೊಡೆತದಿಂದ ಎಲ್ಲರೂ ಸಾಯುತ್ತಾರೆಂದಲ್ಲ. ಆದರೆ ಹೃದಯದ ಬಡಿತ ತಪ್ಪಬಹುದು. ಬೆಚ್ಚಿ ಎಳೆದುಕೊಂಡ ಕೈ ತಗಡಿನ ಅಂಚಿಗೆ ಸಿಕ್ಕಿ ಸೀಳಬಹುದು. ಪ್ಲಗ್ ಹಾಕಿದ ಒಲೆಯನ್ನು ತೆರೆದು ಕೈ ಇಟ್ಟರಂತೂ ಕಥೆಯೇ ಬೇರೆ. ಅಲ್ಲಿ ಒಂದು ಹೊಡೆತವಲ್ಲ, ಸಾವಿರಾರು ವೋಲ್ಟಿನ ನಿಲ್ಲದ ಪ್ರವಾಹ. ಹಳೆಯ ಓವನ್ನಿನ ಟ್ರಾನ್ಸ್‌ಫಾರ್ಮರ್ ಕಿತ್ತು ಮರದ ಹಲಗೆಯ ಮೇಲೆ ಮಿಂಚಿನ ಆಕಾರದ ಚಿತ್ರ ಸುಡುವ ಹವ್ಯಾಸವೊಂದು ಇತ್ತೀಚಿನ ವರ್ಷಗಳಲ್ಲಿ ವಿಡಿಯೋಗಳ ಮೂಲಕ ಹರಡಿತು. ಅದನ್ನು ಮಾಡಲು ಹೋಗಿ ಜನ ಪ್ರಾಣ ಕಳೆದುಕೊಂಡಿದ್ದಾರೆ. ಮರಗೆತ್ತನೆಯವರ ಅಮೆರಿಕದ ಸಂಘವೇ ತನ್ನ ಕಾರ್ಯಕ್ರಮಗಳಲ್ಲಿ ಆ ಪ್ರಯೋಗವನ್ನು ನಿಷೇಧಿಸಿದೆ. ಹದಿಹರೆಯದ ಮಕ್ಕಳಿರುವ ಮನೆಯವರು ತಿಳಿದಿರಬೇಕಾದ ಸಂಗತಿ ಇದು. ಹಿಂದೆ ಪಿಕ್ಚರ್ ಟ್ಯೂಬಿನ ಟಿವಿಗಳನ್ನು ರಿಪೇರಿ ಮಾಡುತ್ತಿದ್ದವರಿಗೆ ಈ ಬಗೆಯ ಅಪಾಯ ಚೆನ್ನಾಗಿ ಗೊತ್ತಿತ್ತು. ಆ ಟಿವಿಗಳು ಹೋದವು, ಆ ಎಚ್ಚರವೂ ಅವುಗಳ ಹಿಂದೆಯೇ ಹೋಯಿತು.

ಹಾಗಾದರೆ ಕೈಕಟ್ಟಿ ಕೂರಬೇಕೆ? ಬೇಕಿಲ್ಲ. ಒಲೆಯನ್ನು ಬಿಚ್ಚುವುದು ಬೇರೆ, ಒಲೆಯ ಕಾಯಿಲೆ ಪತ್ತೆಹಚ್ಚುವುದು ಬೇರೆ. ವೈದ್ಯರು ರೋಗಿಯ ಹೊಟ್ಟೆ ಕುಯ್ಯುವ ಮೊದಲು ನಾಡಿ ನೋಡುತ್ತಾರೆ, ಯಾವಾಗ ನೋವು, ಎಷ್ಟು ಹೊತ್ತು ಎಂದು ಕೇಳುತ್ತಾರೆ. ಆಗಾಗ ಮಾತ್ರ ಕೈಕೊಡುವ ಯಂತ್ರಕ್ಕೆ ಈ ವಿಚಾರಣೆಯೇ ಮುಖ್ಯ, ಏಕೆಂದರೆ ಮೆಕ್ಯಾನಿಕ್ ಬಂದ ಹತ್ತು ನಿಮಿಷದಲ್ಲಿ ಅದು ತನ್ನ ರೋಗ ತೋರಿಸಬೇಕೆಂದಿಲ್ಲ. ಮಗಳು ಒಂದು ಹಳೆಯ ನೋಟ್‌ಬುಕ್ ತೆಗೆದು ಗೆರೆ ಎಳೆದಳು: ತಾರೀಕು, ಹೊತ್ತು, ಏನು ಇಟ್ಟದ್ದು, ಎಷ್ಟು ನಿಮಿಷ, ಬಿಸಿಯಾಯಿತೇ.

ಮೊದಲ ವಿಚಾರಣೆ ಅಜ್ಜಿಯ ಗುಂಡಿಯದು. ಮೈಕ್ರೊವೇವ್ ಒಲೆಯಲ್ಲಿ ಶಕ್ತಿಯ ಮಟ್ಟಗಳಿರುತ್ತವೆ. ಇನ್ವರ್ಟರ್ ಇಲ್ಲದ ಸಾಮಾನ್ಯ ಒಲೆಯಲ್ಲಿ ‘ಮಧ್ಯಮ’ ಎಂದರೆ ಉರಿ ಸಣ್ಣದಾಗುವುದಿಲ್ಲ. ಮ್ಯಾಗ್ನೆಟ್ರಾನ್ ಸ್ವಲ್ಪ ಹೊತ್ತು ಪೂರ್ತಿ ನಡೆದು, ಸ್ವಲ್ಪ ಹೊತ್ತು ಪೂರ್ತಿ ನಿಂತು, ಮತ್ತೆ ನಡೆಯುತ್ತದೆ. ಇದು ದೋಷವಲ್ಲ, ಅದರ ಸ್ವಭಾವ. ಇದನ್ನು ಅರಿಯದೆ ಒಳ್ಳೆಯ ಒಲೆಯನ್ನು ರಿಪೇರಿಗೆ ಹೊತ್ತವರಿದ್ದಾರೆ. ಆದ್ದರಿಂದ ಮುಂದಿನ ಎಲ್ಲ ಪರೀಕ್ಷೆಯೂ ಅತಿ ಹೆಚ್ಚಿನ ಮಟ್ಟದಲ್ಲೇ ನಡೆಯಬೇಕೆಂದು ತೀರ್ಮಾನವಾಯಿತು. ಆ ಮಟ್ಟದಲ್ಲೂ ಒಲೆ ಹಳೆಯ ಚಾಳಿ ಬಿಡಲಿಲ್ಲ. ಅಜ್ಜಿ ನಿರ್ದೋಷಿ ಎಂದು ಸಾಬೀತಾಯಿತು. ‘ನಾನು ಮೊದಲೇ ಹೇಳಲಿಲ್ವಾ’ ಎಂದು ಅವರು ಸೊಸೆಯ ಕಡೆ ನೋಡಿದರು.

ಎರಡನೆಯದು ಕರೆಂಟು. ಮೇಷ್ಟರ ಅನುಮಾನ ಸುಳ್ಳೆಂದು ತಳ್ಳಿಹಾಕುವಂಥದಲ್ಲ. ವೋಲ್ಟೇಜ್ ಬಿದ್ದರೆ ಬಲ್ಬು ಮಂಕಾಗುತ್ತದೆ ಅಷ್ಟೆ. ಮ್ಯಾಗ್ನೆಟ್ರಾನ್ ಮಾತ್ರ ಒಂದು ಮಿತಿಗಿಂತ ಕೆಳಗೆ ಕೆಲಸವನ್ನೇ ನಿಲ್ಲಿಸಿಬಿಡಬಹುದು. ಸಂಜೆ ಹೊತ್ತು ಪಂಪುಸೆಟ್ಟುಗಳು ಚಾಲೂ ಆಗುವ ಊರುಗಳಲ್ಲಿ ಒಲೆ ಬೆಳಿಗ್ಗೆ ಬಿಸಿ ಮಾಡಿ ಸಂಜೆ ಮಾಡದಿದ್ದರೆ ಮೊದಲು ನೋಡಬೇಕಾದದ್ದು ಇದನ್ನೇ. ಫ್ರಿಜ್ಜಿನ ಸ್ಟೆಬಿಲೈಸರ್ ಮೇಲೆ ವೋಲ್ಟೇಜ್ ತೋರಿಸುವ ಅಂಕಿ ಇದ್ದದ್ದರಿಂದ ಮಗಳು ಅದನ್ನೂ ಬರೆದುಕೊಂಡಳು. ಬಿಸಿಯಾದ ದಿನ 228, ಆಗದ ದಿನ 231. ಕರೆಂಟೂ ನಿರ್ದೋಷಿ. ಪ್ಲಗ್ ಹಾಗೂ ಸಾಕೆಟ್ ಬಿಸಿಯಾಗಿಲ್ಲ, ಕಂದಾಗಿಲ್ಲ, ಸಡಿಲವಾಗಿಲ್ಲ ಎಂಬುದನ್ನೂ ನೋಡಿದ್ದಾಯಿತು.

ಮೂರನೆಯದು ಗಾಳಿ. ಮ್ಯಾಗ್ನೆಟ್ರಾನ್ ವಿಪರೀತ ಕಾಯುವ ವಸ್ತು. ಅದನ್ನು ತಣಿಸಲು ಒಳಗೊಂದು ಫ್ಯಾನ್ ಇದೆ. ಅತಿಯಾಗಿ ಕಾದರೆ ತಾನಾಗಿ ತೆರೆದುಕೊಳ್ಳುವ, ತಣಿದಾಗ ಮತ್ತೆ ಕೂಡಿಕೊಳ್ಳುವ ಒಂದು ರಕ್ಷಣಾ ಸ್ವಿಚ್ಚೂ ಇದೆ. ಅದು ತೆರೆದುಕೊಂಡಾಗ ಕೆಲವು ಮಾದರಿಗಳಲ್ಲಿ ಇಡೀ ಒಲೆಯೇ ಆರುತ್ತದೆ, ಕೆಲವದರಲ್ಲಿ ಬಿಸಿ ಮಾತ್ರ ನಿಲ್ಲುತ್ತದೆ. ಆರಂಭದಲ್ಲಿ ಚೆನ್ನಾಗಿ ನಡೆದು ಐದಾರು ನಿಮಿಷಕ್ಕೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ನಡೆಯುವ ಒಲೆಯ ಕಾಯಿಲೆ ಸಾಮಾನ್ಯವಾಗಿ ಇದೇ. ಮನೆಗಳಲ್ಲಿ ಇದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ: ಗೋಡೆಗೆ ಒತ್ತರಿಸಿಟ್ಟ ಒಲೆ, ಮೇಲೆ ಹೊದಿಸಿದ ಕಸೂತಿ ಬಟ್ಟೆ, ಅದರ ಮೇಲೆ ಪತ್ರಿಕೆಯ ಕಟ್ಟು, ಗಾಳಿಕಿಂಡಿಯಲ್ಲಿ ಜಿಡ್ಡು ಮತ್ತು ಜಿರಲೆ. ಈ ಮನೆಯಲ್ಲೂ ಕಸೂತಿ ಬಟ್ಟೆ ಇತ್ತು. ಅದನ್ನು ತೆಗೆದು, ಒಲೆಯನ್ನು ಗೋಡೆಯಿಂದ ಒಂದು ಗೇಣು ಈಚೆಗೆ ಎಳೆದಿಟ್ಟರು. ಆದರೆ ನೋಟ್‌ಬುಕ್ ಬೇರೆ ಮಾತು ಹೇಳುತ್ತಿತ್ತು. ಇಡೀ ರಾತ್ರಿ ತಣ್ಣಗೆ ಕೂತಿದ್ದ ಒಲೆಯೂ ಬೆಳಗಿನ ಮೊದಲ ನಿಮಿಷದಲ್ಲೇ ಬಿಸಿ ಮಾಡದೆ ಇದ್ದ ದಿನಗಳಿದ್ದವು. ಕಾದದ್ದರಿಂದ ನಿಲ್ಲುವ ಕಾಯಿಲೆ ಇದಲ್ಲ.

ನಾಲ್ಕನೆಯದು ನೀರಿನ ಪರೀಕ್ಷೆ. ಇದು ಪ್ರಯೋಗಶಾಲೆಯಲ್ಲಿ ಮಾಡುವಂಥದೇ. ಅಗಲ ಬಾಯಿಯ ಗಾಜಿನ ಪಾತ್ರೆಯಲ್ಲಿ ಒಂದು ಲೀಟರ್ ನೀರು. ಥರ್ಮಾಮೀಟರಿನಿಂದ ಉಷ್ಣತೆ ನೋಡಿ, ಥರ್ಮಾಮೀಟರನ್ನು ಹೊರಗಿಟ್ಟು, ಸರಿಯಾಗಿ ಒಂದು ನಿಮಿಷ ಒಲೆ ನಡೆಸಬೇಕು. ಹೊರತೆಗೆದು ಕಲಕಿ ಮತ್ತೆ ನೋಡಬೇಕು. ಎಷ್ಟು ಡಿಗ್ರಿ ಏರಿತೋ ಅದನ್ನು 70ರಿಂದ ಗುಣಿಸಿದರೆ ಒಲೆ ನೀರಿಗೆ ಕೊಟ್ಟ ಶಕ್ತಿ ವ್ಯಾಟುಗಳಲ್ಲಿ ಸಿಗುತ್ತದೆ. ಒಂದು ಲೀಟರ್ ನೀರು ಒಂದು ಡಿಗ್ರಿ ಏರಲು ಸುಮಾರು 4187 ಜೂಲ್ ಬೇಕು. ಅದನ್ನು 60 ಸೆಕೆಂಡಿನಿಂದ ಭಾಗಿಸಿದರೆ ಬರುವುದೇ ಆ 70. ನೀರು ಕುದಿಯುವ ತನಕ ಹೋಗಬಾರದು. ನುಣುಪಾದ ಲೋಟದಲ್ಲಿ ಅತಿ ಕಾದ ನೀರು ಗುಳ್ಳೆಯಿಲ್ಲದೆ ಸುಮ್ಮನಿದ್ದು, ಮುಟ್ಟಿದೊಡನೆ ಚಿಮ್ಮಿ ಮುಖ ಸುಟ್ಟದ್ದುಂಟು. ಖಾಲಿ ಒಲೆಯನ್ನಂತೂ ನಡೆಸಲೇಬಾರದು.

ಈ ಮನೆಯ ಒಲೆಯ ಮೇಲೆ 800 ವ್ಯಾಟ್ ಎಂದು ಬರೆದಿತ್ತು. ಒಳ್ಳೆಯ ದಿನ ನೀರು 26ರಿಂದ 37 ಡಿಗ್ರಿಗೆ ಏರಿತು, 770 ವ್ಯಾಟ್. ಕೆಟ್ಟ ದಿನ ಇದ್ದಲ್ಲೇ ಇತ್ತು. ಇನ್ನೊಂದು ದಿನ 26ರಿಂದ 31, ಅಂದರೆ ನಿಮಿಷದ ಅರ್ಧ ಭಾಗ ನಡೆದು ಉಳಿದರ್ಧ ಮಲಗಿತ್ತು. ಮುದಿಯಾದ ಮ್ಯಾಗ್ನೆಟ್ರಾನ್ ದಿನೇ ದಿನೇ ಬಲ ಕಳೆದುಕೊಳ್ಳುವುದು ಸಾಮಾನ್ಯ. ಒಂದು ದಿನ ಪೂರ್ತಿ ಬಲ, ಇನ್ನೊಂದು ದಿನ ಸೊನ್ನೆ ಎಂದಾಗ ಎಲ್ಲೋ ಏನೋ ಕೂಡಿ ಬಿಡುತ್ತಿದೆ ಎಂದೇ ಹೆಚ್ಚು ಅನುಮಾನಿಸಬೇಕು. ಫೋನಿನಲ್ಲಿ ಬಂದ ತೀರ್ಪಿನ ಮೇಲೆ ಮಗಳಿಗೆ ಮೊದಲ ಸಲ ಸಂದೇಹ ಬಂದದ್ದು ಆಗ.

ಕೊನೆಯ ಪರೀಕ್ಷೆಗೆ ಬೇಕಾದದ್ದು ಕಿವಿ ಮತ್ತು ಮನೆಯ ಹೊರಗಿನ ಮೀಟರು. ಒಲೆ ಶುರುವಾದೊಡನೆ ಕೇಳುವುದು ಫ್ಯಾನಿನ ಸದ್ದು. ಮ್ಯಾಗ್ನೆಟ್ರಾನ್ ಹಿಡಿದುಕೊಂಡಾಗ ಅದರ ಕೆಳಗೆ ಟ್ರಾನ್ಸ್‌ಫಾರ್ಮರಿನ ದಪ್ಪನೆಯ ಗುಂಯ್ ಸದ್ದು ಸೇರುತ್ತದೆ. ಆ ಗುಂಯ್ ಎಳ್ಳಷ್ಟೂ ಇಲ್ಲದಿದ್ದರೆ ಟ್ರಾನ್ಸ್‌ಫಾರ್ಮರಿಗೆ ಕರೆಂಟೇ ತಲುಪುತ್ತಿಲ್ಲ. ಬಾಗಿಲಿನ ಸ್ವಿಚ್ಚೋ, ನಿಯಂತ್ರಣ ಬೋರ್ಡಿನ ರಿಲೇಯೋ, ಅಲ್ಲಿನ ಬಿರುಕುಬಿಟ್ಟ ಬೆಸುಗೆಯೋ ಕಾರಣವಿರಬಹುದು. ಸಣ್ಣಗೆ ಗುಂಯ್ ಇದ್ದೂ ಬಿಸಿಯಿಲ್ಲವೆಂದರೆ ಕರೆಂಟು ಟ್ರಾನ್ಸ್‌ಫಾರ್ಮರ್ ತನಕ ಬಂದಿದೆ, ತೊಂದರೆ ಅದರಿಂದಾಚೆ, ಸಾವಿರಾರು ವೋಲ್ಟಿನ ಕಡೆ ಇದೆ.

ಕಿವಿ ಹೇಳಿದ್ದನ್ನು ಮೀಟರು ಖಚಿತಪಡಿಸುತ್ತದೆ. ಈಗಿನ ಎಲೆಕ್ಟ್ರಾನಿಕ್ ಮೀಟರುಗಳಲ್ಲಿ ಒಂದು ಕೆಂಪು ದೀಪ ಮಿನುಗುತ್ತಿರುತ್ತದೆ. ಈ ಮನೆಯ ಮೀಟರಿನ ಮೇಲೆ ಒಂದು ಯೂನಿಟ್ಟಿಗೆ 3200 ಮಿನುಗು ಎಂದು ನಮೂದಾಗಿತ್ತು. ಫ್ರಿಜ್, ಪಂಪು, ಫ್ಯಾನು ಎಲ್ಲದರ ಸ್ವಿಚ್ ಸ್ವಲ್ಪ ಹೊತ್ತು ಆರಿಸಿ, ಅಮ್ಮ ಒಳಗೆ ಒಲೆ ಶುರುಮಾಡಿದರು, ಮಗಳು ಹೊರಗೆ ಗಡಿಯಾರ ಹಿಡಿದು ನಿಂತಳು. ನೀರು ಕಾದ ಸಲ ದೀಪ ನಿಮಿಷಕ್ಕೆ 64 ಬಾರಿ ಮಿನುಗಿತು. ಲೆಕ್ಕ ಹಾಕಿದರೆ 1200 ವ್ಯಾಟ್, ಅಂಥ ಒಲೆ ಎಳೆಯಬೇಕಾದಷ್ಟೇ. ನೀರು ಕಾಯದ ಸಲ ಮಿನುಗಿದ್ದು ಆರೇ ಬಾರಿ, ಅಂದರೆ ನೂರು ಚಿಲ್ಲರೆ ವ್ಯಾಟ್. ಆಗಲೂ ಒಳಗೆ ಸಣ್ಣ ಗುಂಯ್ ಇತ್ತು ಎಂದು ಅಮ್ಮ ಸಾಕ್ಷಿ ಹೇಳಿದರು. ಒಂದೇ ಒಂದು ತಿರುಪನ್ನೂ ಬಿಚ್ಚದೆ, ತೊಂದರೆ ಮ್ಯಾಗ್ನೆಟ್ರಾನಿನಲ್ಲಿದೆ ಇಲ್ಲವೇ ಅದಕ್ಕೆ ಹೋಗುವ ವೈರುಗಳ ಕಡೆ ಇದೆ ಎಂಬಲ್ಲಿಗೆ ವಿಚಾರಣೆ ಬಂದು ನಿಂತಿತು. ಮಗಳು ನೋಟ್‌ಬುಕ್ಕಿನಲ್ಲಿ ಅಷ್ಟನ್ನೇ ಬರೆದಳು. ಅದರಾಚೆಗೆ ಊಹಿಸಲಿಲ್ಲ.

ಅಲ್ಲಿಂದ ಮುಂದಿನದು ತರಬೇತಿ ಪಡೆದವರ ಕೆಲಸ. ಪರಿಚಯದವರು ಹೇಳಿದ ಇನ್ನೊಬ್ಬ ಮೆಕ್ಯಾನಿಕ್ ಬಂದ. ಐವತ್ತು ದಾಟಿದ ಮನುಷ್ಯ. ನೋಟ್‌ಬುಕ್ಕಿನ ಹಾಳೆಯನ್ನು ಎರಡು ಸಲ ಓದಿದ. ‘ಸಾರ್, ಎಲ್ಲರೂ ಒಂದೊಂದ್ಸಲ ಆಗುತ್ತೆ, ಒಂದೊಂದ್ಸಲ ಆಗಲ್ಲ ಅಂತಾರೆ ಅಷ್ಟೆ. ಹೀಗೆ ಬರೆದುಕೊಟ್ಟರೆ ನಮ್ಮ ಅರ್ಧ ಕೆಲಸ ಆದಹಾಗೆ’ ಎಂದ. ಪ್ಲಗ್ ಕಿತ್ತು, ಅದರ ತುದಿಯನ್ನು ತನ್ನ ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಟ್ಟುಕೊಂಡ. ವಾಚು, ಉಂಗುರ ತೆಗೆದು ಜೇಬಿಗೆ ಹಾಕಿದ. ಸ್ವಲ್ಪ ಹೊತ್ತು ಸುಮ್ಮನೆ ಕಾದ. ಕವಚ ತೆಗೆದ ಮೇಲೂ ಮೊದಲು ಬೆರಳು ಒಳಗೆ ಹೋಗಲಿಲ್ಲ. ದಪ್ಪ ನಿರೋಧಕ ಹಿಡಿಯಿದ್ದ, ರೆಸಿಸ್ಟರ್ ಜೋಡಿಸಿದ ಸಲಾಕೆಯಿಂದ ಕೆಪಾಸಿಟರಿನ ತುದಿಗಳನ್ನು ಖಾಲಿ ಮಾಡಿ, ಖಾಲಿಯಾಗಿದೆಯೆಂದು ಮೀಟರಿನಲ್ಲಿ ನೋಡಿಕೊಂಡ. ನೋಡುವಾಗ ಅವನ ಎಡಗೈ ಜೇಬಿನಲ್ಲಿತ್ತು.

‘ಯಾಕೆ ಅಂಕಲ್ ಒಂದೇ ಕೈ?’ ಎಂದಳು ಬಾಗಿಲ ಬಳಿ ನಿಂತಿದ್ದ ಮಗಳು.

‘ಎರಡು ಕೈ ಇಟ್ಟರೆ ಕರೆಂಟು ಎದೆ ದಾಟಿ ಹೋಗುತ್ತಮ್ಮ. ಒಂದು ಕೈ ಜೇಬಲ್ಲಿದ್ದರೆ ಅದಕ್ಕೆ ಆ ದಾರಿ ಇಲ್ಲ. ಕೆಲಸ ಕಲಿಸಿದವರು ಮೊದಲ ದಿನ ಹೇಳಿಕೊಟ್ಟಿದ್ದು ಇದೇ.’

ದೋಷ ಕಣ್ಣಿಗೇ ಕಂಡಿತು. ಮ್ಯಾಗ್ನೆಟ್ರಾನಿನ ಫಿಲಮೆಂಟಿಗೆ ಸಿಕ್ಕಿಸುವ ಎರಡು ಲೋಹದ ತುದಿಗಳಲ್ಲಿ ಒಂದು ಸಡಿಲವಾಗಿ ಕಪ್ಪಾಗಿತ್ತು, ಅದರ ಪ್ಲಾಸ್ಟಿಕ್ ತೋಳು ಕರಗಿತ್ತು. ಹತ್ತು ಆಂಪಿಯರ್ ಹರಿಯುವ ಕಡೆ 0.1 ಓಮ್ ತಡೆಯುಂಟಾದರೂ ಅಲ್ಲೇ 10 ವ್ಯಾಟ್ ಶಾಖ ಹುಟ್ಟುತ್ತದೆ, ಫಿಲಮೆಂಟಿಗೆ ಹೋಗಬೇಕಾದ ಮೂರು ವೋಲ್ಟಿನಲ್ಲಿ ಒಂದು ವೋಲ್ಟ್ ದಾರಿಯಲ್ಲೇ ಸೋರಿಹೋಗುತ್ತದೆ. ಫಿಲಮೆಂಟ್ ಸಾಕಷ್ಟು ಕಾಯದಿದ್ದರೆ ಎಲೆಕ್ಟ್ರಾನು ಹೊರಡುವುದಿಲ್ಲ, ಹಾಲು ಬಿಸಿಯಾಗುವುದಿಲ್ಲ. ಸಡಿಲ ತುದಿ ಒಮ್ಮೆ ತಾಗಿ, ಒಮ್ಮೆ ಬಿಟ್ಟು ಇಷ್ಟು ದಿನ ಆಟವಾಡಿಸಿತ್ತು. ಮೆಕ್ಯಾನಿಕ್ ಫಿಲಮೆಂಟಿನ ತಡೆ ನೋಡಿದ, ಒಂದು ಓಮಿಗಿಂತ ಕಡಿಮೆ. ಅದಕ್ಕೂ ಲೋಹದ ಕವಚಕ್ಕೂ ಸಂಪರ್ಕವಿಲ್ಲವೆಂದು ನೋಡಿದ. ಮ್ಯಾಗ್ನೆಟ್ರಾನ್ ಗಟ್ಟಿಯಾಗಿತ್ತು. ಸುಟ್ಟ ವೈರಿನ ತುದಿ ಕತ್ತರಿಸಿ, ಕಡ್ಡಿ ಉಜ್ಜಿ ಹೊಳಪು ಮಾಡಿ, ಹೊಸ ತುದಿಯನ್ನು ಇಕ್ಕಳದಿಂದ ಬಿಗಿಯಾಗಿ ಒತ್ತಿ ಕೂರಿಸಿದ. ಎಲ್ಲ ತಿರುಪುಗಳನ್ನೂ ಹಾಕಿ ಕವಚ ಮುಚ್ಚಿದ ಮೇಲೆಯೇ ಪ್ಲಗ್ ಹಾಕಿದ. ಒಂದು ಲೀಟರ್ ನೀರು ಒಂದು ನಿಮಿಷಕ್ಕೆ 26ರಿಂದ 37.

ಅಲ್ಲಿಗೆ ಅವನ ಕೆಲಸ ಮುಗಿಯಲಿಲ್ಲ. ಬಾಗಿಲಿನ ಸುತ್ತ ಸೋರಿಕೆ ಅಳೆಯುವ ಸಣ್ಣ ಮೀಟರನ್ನು ಹಿಡಿದು ನೋಡಿದ. ಒಲೆಯಿಂದ 5 ಸೆಂಟಿಮೀಟರ್ ದೂರದಲ್ಲಿ ಚದರ ಸೆಂಟಿಮೀಟರಿಗೆ 5 ಮಿಲಿವ್ಯಾಟ್ ಮೀರಬಾರದೆಂಬುದು ಮಿತಿ. ಇಲ್ಲಿ ಅದಕ್ಕಿಂತ ಬಹಳ ಕಡಿಮೆ ಇತ್ತು. ಬಾಗಿಲು ತೆರೆದಾಗ ಮ್ಯಾಗ್ನೆಟ್ರಾನ್ ನಿಲ್ಲಲೇಬೇಕೆಂದು ಈ ಒಲೆಗಳಲ್ಲಿ ಒಂದಲ್ಲ, ಸಾಮಾನ್ಯವಾಗಿ ಮೂರು ಸ್ವಿಚ್ಚುಗಳಿರುತ್ತವೆ. ಮೊದಲಿನ ಸ್ವಿಚ್ಚು ಅಂಟಿಕೊಂಡು ಕೈಕೊಟ್ಟರೆ ಮೂರನೆಯದು ಬೇಕೆಂದೇ ಫ್ಯೂಸ್ ಸುಟ್ಟುಹಾಕಿ ಒಲೆಯನ್ನು ನಿಲ್ಲಿಸುತ್ತದೆ. ಆದ್ದರಿಂದ ಪದೇ ಪದೇ ಫ್ಯೂಸ್ ಹೋಗುವ ಒಲೆಗೆ ದಪ್ಪ ವೈರು ಸುತ್ತುವುದಾಗಲಿ, ಬಾಗಿಲಿನ ಸ್ವಿಚ್ಚನ್ನು ನೇರ ಜೋಡಿಸುವುದಾಗಲಿ ಕಾವಲುಗಾರನ ಕಣ್ಣು ಕಟ್ಟಿದಂತೆ. ಹಾಗೆ ‘ರಿಪೇರಿ’ ಮಾಡಿಕೊಡುತ್ತೇನೆ ಎನ್ನುವವರನ್ನು ಬಾಗಿಲಲ್ಲೇ ತಡೆಯಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಹಾಕಿ ಅರ್ಥ್ ತಪ್ಪಿಸುವುದೂ ಅಷ್ಟೇ ಅಪಾಯ. ಮ್ಯಾಗ್ನೆಟ್ರಾನ್ ಬದಲಾಯಿಸಿದರೆ ಹಳೆಯದನ್ನು ಒಡೆದು ನೋಡಲು ಮಕ್ಕಳ ಕೈಗೆ ಕೊಡಬಾರದು. ಕೆಲವು ಮ್ಯಾಗ್ನೆಟ್ರಾನುಗಳ ಪಿಂಗಾಣಿಯಲ್ಲಿ ಬೆರಿಲಿಯಂ ಆಕ್ಸೈಡ್ ಇರುತ್ತದೆ, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮನೆಯವರು ಮಾಡಬಹುದಾದದ್ದು ಇಷ್ಟಾದರೂ ಕಡಿಮೆಯೇನಲ್ಲ. ಬಾಗಿಲಿನ ಅಂಚನ್ನೂ ಒಳಗೋಡೆಯನ್ನೂ ಒದ್ದೆ ಬಟ್ಟೆಯಿಂದ ಒರೆಸಿ ಚೊಕ್ಕಟವಾಗಿಡುವುದು, ಗಾಳಿಗೆ ಜಾಗ ಬಿಡುವುದು, ಸ್ಟೀಲ್ ಲೋಟ ಒಳಗೆ ಹೋಗದಂತೆ ನೋಡಿಕೊಳ್ಳುವುದು, ಒಲೆ ಏನು ಮಾಡಿತು ಎಂದು ಬರೆದಿಡುವುದು. ಒಳಗೆ ಕಿಡಿ ಹಾರಿದರೆ, ಸುಟ್ಟ ವಾಸನೆ ಬಂದರೆ, ಬಾಗಿಲು ಸರಿಯಾಗಿ ಕೂರದಿದ್ದರೆ ಮಾತ್ರ ಪರೀಕ್ಷೆಯೂ ಬೇಡ, ಬರವಣಿಗೆಯೂ ಬೇಡ. ಪ್ಲಗ್ ಕಿತ್ತು, ಬಲ್ಲವರು ಬರುವ ತನಕ ಹಾಗೇ ಬಿಡಬೇಕು.

ಮೇಷ್ಟರ ಹಳೆಯ ನಿಯಮ ಸುಳ್ಳಾಗಲಿಲ್ಲ. ಅದಕ್ಕೆ ಇನ್ನೊಂದು ಸಾಲು ಸೇರಿತು. ಈಗ ಅವರು ತರಗತಿಯಲ್ಲಿ ಹೇಳುವುದು ಹೀಗೆ: ಮೊದಲು ಪ್ಲಗ್ ಕೀಳು, ಆಮೇಲೆ, ಕಿತ್ತ ಮೇಲೂ ಒಳಗೆ ಏನು ಉಳಿದಿರುತ್ತದೆ ಎಂದು ಕೇಳು. ಉತ್ತರ ಗೊತ್ತಿಲ್ಲದಿದ್ದರೆ ತಿರುಪು ಮುಟ್ಟಬೇಡ.

ಸ್ಕ್ರೂಡ್ರೈವರ್ ಹಿಡಿದು ಬರುವ ಮಗನಿಗೋ ಮಗಳಿಗೋ ‘ಮುಟ್ಟಬೇಡ’ ಎಂದು ಗದರುವುದು ತಂದೆತಾಯಿಗಳಿಗೆ ಸುಲಭ. ಗದರಿಸಿದ ಮಕ್ಕಳು ಯಾರೂ ಇಲ್ಲದ ಹೊತ್ತು ನೋಡಿ ಬಿಚ್ಚುತ್ತಾರೆ. ಮುಟ್ಟಬೇಡ ಎಂದ ಬಾಯಿಂದಲೇ ಏಕೆ ಮುಟ್ಟಬಾರದು ಎಂಬುದೂ ಬರಬೇಕು, ಸ್ಕ್ರೂಡ್ರೈವರ್ ತೆಗೆದುಕೊಂಡ ಕೈ ಅದರ ಬದಲಿಗೆ ಒಂದು ಥರ್ಮಾಮೀಟರ್, ಒಂದು ಗಡಿಯಾರ, ಒಂದು ನೋಟ್‌ಬುಕ್ ಕೊಡಬೇಕು. ಕೆಟ್ಟ ಒಲೆಯ ಮುಂದೆ ಆ ಮೂರನ್ನು ಹಿಡಿದು ಒಂದು ವಾರ ಕೂತ ಮಕ್ಕಳು, ಕಣ್ಣಿಗೆ ಕಾಣದ ದೋಷವನ್ನು ಹೊರಗಿನಿಂದಲೇ ಹುಡುಕಲು ಕಲಿತಿರುತ್ತಾರೆ. ಎಲ್ಲಿಗೆ ನಿಲ್ಲಬೇಕೆಂಬುದನ್ನೂ ಕಲಿತಿರುತ್ತಾರೆ.